ನೀವು ಅಳಿಸಿದ ಬಾಗಿಲು

ಕಟ್ಟಡಗಳ ನಕ್ಷೆಗೆ ಮಂಜೂರಾತಿ ನೀಡುವ ಮಾನ್ಯ ಅಧಿಕಾರಿಗಳೇ,

ನನ್ನ ಮತ್ತು ನನ್ನ ಗಂಡನ ನಡುವೆ ತಾವು ಗೋಡೆ ಕಟ್ಟಿಸಿದ್ದೀರಿ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಹೆಂಡತಿಯ ನಡುವೆ ಗೋಡೆ ಎಬ್ಬಿಸಲು ಸಾಮಾನ್ಯವಾಗಿ ನೆಂಟರು ಬೇಕಾಗುತ್ತಾರೆ. ನಮಗೆ ಆ ಸೇವೆಯನ್ನು ತಮ್ಮ ಕಚೇರಿಯೇ ಒದಗಿಸಿತು. ಅದೂ ಎಂಥ ಗೋಡೆ! ಒಂದು ಕಿಂಡಿಯೂ ಇಲ್ಲದ, ಎರಡೂ ಕಡೆ ಗಿಲಾವು ಕಂಡ ಗಟ್ಟಿ ಗೋಡೆ. ಅದರಲ್ಲೊಂದು ಬಾಗಿಲು ಬೇಕು ಎಂದು ಕೇಳುವುದಕ್ಕೇ ಈ ಬಹಿರಂಗ ಪತ್ರ. ಲಕೋಟೆಯಲ್ಲಿ ಕಳಿಸಿದ ಪತ್ರಗಳು ತಮ್ಮ ಕಪಾಟಿನಲ್ಲಿ ಸುಖನಿದ್ರೆಯಲ್ಲಿವೆ. ಹಾಸಿಗೆ ಮಾಡುವವರು ನಾವು, ಕಾಲು ಚಾಚಿ ಮಲಗಿದ್ದು ಮಾತ್ರ ತಮ್ಮ ಕಡತ.

ಹೌದು, ನನ್ನವರ ಮನೆಯವರದು ಹತ್ತಿ ಹಾಸಿಗೆ ತಯಾರಿಸುವ ಕೆಲಸ. ಬಾಡಿಗೆ ಜಾಗ ಬಿಟ್ಟು ಸ್ವಂತ ಕಟ್ಟಡ ಕಟ್ಟೋಣ ಎಂದು ನಿಶ್ಚಯವಾದದ್ದು ನಮ್ಮ ಮದುವೆಯಾದ ತಿಂಗಳಲ್ಲೇ. ಬೇರೆ ಜೋಡಿಗಳು ಬೆಟ್ಟ ನೋಡಲು, ಕಡಲು ನೋಡಲು ಹೋಗುತ್ತವೆ. ನಾವು ಕೊಂಡ ಜಾಗದಲ್ಲಿದ್ದ ಹಳೆಯ ಖಾಲಿ ಸಿಮೆಂಟು ನೆಲ ನೋಡಲು ಹೋದೆವು. ಎಷ್ಟು ಚೆಂದವಿತ್ತು ಗೊತ್ತೇ! ಇಂಜಿನಿಯರು ಕಾಗದದ ಮೇಲೆ ಗೆರೆ ಎಳೆಯುವ ಮೊದಲೇ ನಾವಿಬ್ಬರೂ ಆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಟ್ಟಡವನ್ನು ಪೂರ್ತಿ ಅಳತೆಯಲ್ಲಿ ಬರೆದೆವು. ಇಲ್ಲಿ ಲಾರಿ ನಿಲ್ಲಬೇಕು, ಇಲ್ಲಿ ಹತ್ತಿಯ ಮೂಟೆಗಳು, ಇಲ್ಲಿ ಹೊಲಿಗೆ ಯಂತ್ರಗಳು, ಆ ತುದಿಯಿಂದ ಸಿದ್ಧ ಹಾಸಿಗೆ ಹೊರಗೆ. ನಡುವೆ ಗೋಡೆ, ಗೋಡೆಯಲ್ಲೊಂದು ಕಬ್ಬಿಣದ ಬಾಗಿಲು. ಬೆಂಕಿ ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವಂಥದ್ದು, ಆದರೆ ಕೈಯಿಂದ ತಳ್ಳಿದರೆ ಮನುಷ್ಯರಿಗೆ ದಾರಿ ಬಿಡುವಂಥದ್ದು. ಹೊಲಿಗೆಯ ಉಸ್ತುವಾರಿ ನನ್ನ ಅತ್ತೆಯವರದು. ಅವರನ್ನು ಕರೆತಂದು ಗೆರೆಗಳ ನಡುವೆ ನಡೆಸಿದೆವು. ಸೀಮೆಸುಣ್ಣದ ಬಾಗಿಲು ಬಂದಾಗ ಅವರು ತಲೆ ತಗ್ಗಿಸಿ ದಾಟಿದರು.

“ಅಮ್ಮಾ, ಅದು ಬರೀ ಗೆರೆ. ತಲೆ ತಾಗಲ್ಲ,” ಎಂದರು ನನ್ನವರು.

“ಸುಮ್ನಿರೋ. ಈಗಿಂದ್ಲೇ ರೂಢಿ ಆಗ್ಲಿ,” ಎಂದರು ಅತ್ತೆ.

ನಕ್ಷೆಯಲ್ಲಿ ಆ ಬಾಗಿಲಿನ ಮೇಲೆ ತಮ್ಮ ಕೆಂಪು ಶಾಯಿ ಬಿತ್ತು. ‘ಸಂಗ್ರಹಣೆ ಒಂದು ವರ್ಗ, ತಯಾರಿಕೆ ಇನ್ನೊಂದು ವರ್ಗ. ಇವೆರಡರ ನಡುವೆ ತೆರಪು ಸಲ್ಲದು.’ ತಮ್ಮ ಕಚೇರಿಗೆ ಓಡಿ ಬಂದು ಕೇಳಿದೆ: “ಸರ್, ಹತ್ತಿ ಒಳಗೆ ಹೋಗದಿದ್ರೆ ಹಾಸಿಗೆ ಹೇಗಾಗತ್ತೆ?” ತಾವು ತಲೆ ಎತ್ತದೆ ಹೇಳಿದಿರಿ: “ಹೊರಗಿಂದ ಹೊತ್ಕೊಂಡ್ಹೋಗಿ. ರಸ್ತೆ ಇದೆಯಲ್ಲಮ್ಮಾ?”

ಇದೆ, ಸ್ವಾಮಿ. ಕಟ್ಟಡ ಎದ್ದ ದಿನದಿಂದ ಹತ್ತಿಯ ಮೂಟೆ ಗೋದಾಮಿನಿಂದ ಹೊರಬಿದ್ದು, ಸೈಕಲ್ ರಿಪೇರಿ ಅಂಗಡಿಯ ಮುಂದೆ ಹಾದು, ಧೂಳು ತಿಂದು, ಮಳೆ ಕುಡಿದು, ಹಿಂದಿನ ರಸ್ತೆಯಿಂದ ಹೊಲಿಗೆಗೆ ಬರುತ್ತಿತ್ತು. ಕೈ ಸುತ್ತಿ ಮೂಗು ಹಿಡಿಯುವುದು ಎಂದರೇನೆಂದು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಯಾವ ಟೀಚರೂ ಇಷ್ಟು ಸೊಗಸಾಗಿ ಕಲಿಸಿರಲಿಲ್ಲ. ದಾಸ್ತಾನು ನೋಡಿಕೊಳ್ಳುವ ನಾನು ಈ ಕಡೆ, ಯಂತ್ರ ನೋಡಿಕೊಳ್ಳುವ ಅವರು ಆ ಕಡೆ. ಗೋಡೆ ತಟ್ಟಿಯೇ ನಮ್ಮ ಸಂಸಾರ. ಒಮ್ಮೆ ತಟ್ಟಿದರೆ ಮೂಟೆ ಬೇಕೆಂದು, ಎರಡು ಸಲ ತಟ್ಟಿದರೆ ನೆನಪಾಯಿತೆಂದು. ಪರವಾಗಿಲ್ಲ, ಪ್ರೀತಿಗೂ ಒಂದು ನಿಯಮಾವಳಿ ಇರಲಿ ಎಂದು ನಾನು ನಗುತ್ತಲೇ ಇದ್ದೆ.

ಕಳೆದ ತಿಂಗಳ ಒಂದು ಮಧ್ಯಾಹ್ನ ತಟ್ಟುವ ಸದ್ದು ನಿಲ್ಲಲೇ ಇಲ್ಲ.

ಹೊಲಿಗೆ ಕಡೆ ಇದ್ದ ಒಂದೇ ಬಾಗಿಲಿನ ಪಕ್ಕದ ಯಂತ್ರದ ಮೋಟಾರು ಸುಟ್ಟು, ಉದುರಿದ ಹತ್ತಿಗೆ ಕಿಡಿ ತಾಗಿ, ಒಳಗೆಲ್ಲ ಹೊಗೆ ತುಂಬಿತ್ತು. ನನ್ನವರು ಆಗಷ್ಟೇ ಮೂಟೆ ಒಯ್ಯಲು ನನ್ನ ಕಡೆ ಬಂದಿದ್ದರು. ಕಣ್ಣು ಕಾಣದ ಆ ಹೊಗೆಯಲ್ಲಿ ಅತ್ತೆ ಹೊಲಿಯುವ ಹೆಂಗಸರನ್ನೆಲ್ಲ ಎಳೆದುಕೊಂಡು ನೇರವಾಗಿ ಎಲ್ಲಿಗೆ ಬಂದರು ಗೊತ್ತೇ? ಸೀಮೆಸುಣ್ಣದ ಬಾಗಿಲಿಗೆ. ರೂಢಿ ಮಾಡಿಕೊಂಡಿದ್ದ ಜಾಗಕ್ಕೆ. ತಲೆ ಕೂಡ ತಗ್ಗಿಸಿದ್ದರಂತೆ.

“ಹುಡುಗೀ, ಬಾಗ್ಲೆಲ್ಲೇ? ಇಲ್ಲೇ ಇತ್ತಲ್ಲೇ!”

ಗೋಡೆಯಾಚೆಯಿಂದ ಆ ದನಿ ಕೇಳಿದವಳು ನಾನು. ಏನು ಹೇಳಬೇಕಿತ್ತು? ‘ಅತ್ತೆ, ನೀವು ಬೇರೆ ವರ್ಗ’ ಎನ್ನಬೇಕಿತ್ತೇ? ತಾವು ತೋರಿಸಿದ ಅದೇ ರಸ್ತೆಯಲ್ಲಿ ನನ್ನವರು ಸುತ್ತಿ ಓಡಿ, ಒದ್ದೆ ಗೋಣಿಯಿಂದ ಬೆಂಕಿ ಬಡಿದು, ಎಲ್ಲರನ್ನೂ ಹೊರಗೆಳೆದರು. ಎಲ್ಲರೂ ಬದುಕಿದ್ದಾರೆ. ಅತ್ತೆಯ ಕೆಮ್ಮು ಇನ್ನೂ ನಿಂತಿಲ್ಲ.

ಮರುದಿನ ತಾವೇ ತನಿಖೆಗೆ ದಯಮಾಡಿಸಿದಿರಿ. ಗೋಡೆಯನ್ನು ನೋಡಿ ಹುಬ್ಬೇರಿಸಿದಿರಿ. “ಏನಮ್ಮಾ ಇದು? ಇಲ್ಲೊಂದು ಬಾಗಿಲು ಇಡೋಣ ಅನ್ನೋ ಬುದ್ಧಿ ಬೇಡ್ವಾ?”

“ಇಟ್ಟಿದ್ವಿ ಸ್ವಾಮಿ,” ಎಂದರು ಅತ್ತೆ, ಕೆಮ್ಮಿನ ನಡುವೆ. “ತಾವೇ ಅಳಿಸಿದ್ರಿ.”

ತಾವು ಕಾರು ಹತ್ತಿದಿರಿ. ಆಮೇಲೆ ಬಂದ ಆದೇಶ ಓದಿ ನಾವು ಅಳಬೇಕೋ ನಗಬೇಕೋ ತಿಳಿಯದೆ ಕೂತೆವು: ಎರಡನೆಯ ದಾರಿ ಇಲ್ಲದ ಕಾರಣ ಹೊಲಿಗೆ ನಿಲ್ಲಿಸತಕ್ಕದ್ದು, ಎರಡನೆಯ ದಾರಿ ತೆರೆಯಲು ಅನುಮತಿ ಇರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುತ್ತಾರೆ. ಇಲ್ಲಿ ಎತ್ತೂ ತಾವೇ, ಕೋಣವೂ ತಾವೇ. ನಡುವೆ ನೊಗದಂತೆ ಮುರಿಯುತ್ತಿರುವುದು ಕೆಲಸವಿಲ್ಲದೆ ಮನೆಯಲ್ಲಿ ಕೂತ ಆ ಹೆಂಗಸರ ಬದುಕು.

ಆದ್ದರಿಂದ ಬನ್ನಿ. ಬೇರೆ ಬೇಡಿಕೆಯಿಲ್ಲ. ಅತ್ತೆ ಆ ಗೋಡೆಯ ಮೇಲೆ ಬಾಗಿಲನ್ನು ಮತ್ತೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ, ಈ ಸಲ ಇನ್ನಷ್ಟು ಎತ್ತರಕ್ಕೆ. ಯಾಕೆಂದು ಕೇಳಿದ್ದಕ್ಕೆ, “ದೊಡ್ಡವರು ಬರ್ತಾರಲ್ಲ, ತಲೆ ತಗ್ಗಿಸಿ ಅವರಿಗೆ ರೂಢಿ ಇಲ್ಲ,” ಎಂದರು. ಆ ಗೆರೆಗಳ ಒಳಗೆ ತಮ್ಮ ಸಹಿ ಹಾಕಿ. ಗೋಡೆ ಒಡೆಯುವವರು ಸುತ್ತಿಗೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ.

ಇಂತಿ,
ಇನ್ನೂ ಗೋಡೆ ತಟ್ಟುತ್ತಲೇ ಇರುವ,
ಸಂಗ್ರಹಣೆ ವರ್ಗದ ಸೊಸೆ