ಹಲ್ಲಿನ ಚಕ್ರದ ರೈಲು ಹತ್ತಿ ಬಂದೆ

ಕೂನೂರು, ೧೨-೧-೧೯೬೩

ಮೊಮ್ಮಗಳು ಪ್ರಭಾವತಿಗೆ ಅಜ್ಜಿ ಬರೆಯುವುದು. ಗುಡ್ಡದ ರೈಲು ಹಿಂದೆ ಜಾರುತ್ತದೆ ಅಂತ ನಿನ್ನ ಸೋದರಮಾವ ಮಂಜಯ್ಯ ಹೆದರಿಸಿದ್ದಕ್ಕೆ, ಕೂಸು ಕಟ್ಟಿಕೊಂಡು ಗಂಡನ ಹತ್ತಿರ ಹೋಪುದಿಲ್ಲ ಎಂದು ಕೂತಿದ್ದೀಯಲ್ಲ, ಅದೇ ರೈಲು ಹತ್ತಿ ನಾನು ಬಂದೆ. ಗಟ್ಟಿಯಾಗೇ ಇದ್ದೇನೆ.

ಮೆಟ್ಟುಪಾಳ್ಯದಲ್ಲಿ ನೋಡಿದರೆ ಇಂಜಿನು ಹಿಂದೆ! "ಹ್ವಾಯ್, ಇಂಜಿನು ತಿರುಗಾಮುರುಗಾ ಕಟ್ಟಿದ್ದೀರಿ" ಎಂದು ಕೂಗಿದೆ. ಕರೆಯಲು ಬಂದ ನಿನ್ನ ಗಂಡನಿಗೆ ನಾಚಿಕೆ. "ಅಜ್ಜೀ, ಅದು ಹಿಂದಿನಿಂದ ದೂಡುದು, ಸುಮ್ನೆ ಕೂಕಣಿ" ಎಂದ. ಕೂರುವವಳಾ ನಾನು? ಏರು ಶುರುವಾಗುವ ಕಲ್ಲಾರಿನಲ್ಲಿ ಇಳಿದು ಬಗ್ಗಿ ನೋಡಿದೆ. ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ, ಇಂಜಿನಿನ ಹೊಟ್ಟೆಯಡಿ ಹಲ್ಲಿನ ಚಕ್ರ. ಅದಕ್ಕೆ ಪಿನಿಯನ್ ಅಂಬ್ರಂತೆ. ನಮ್ಮ ಕಾಯಿ ಕೊಯ್ಯುವ ಬಚ್ಚ ತೆಂಗಿನ ಮರಕ್ಕೆ ಕಚ್ಚು ಕಡಿದು, ಕಾಲಿಟ್ಟು ಹತ್ತುತ್ತಾನಲ್ಲ, ಹಾಗೇ ಚಕ್ರದ ಹಲ್ಲು ಪಟ್ಟಿಯ ಸಂದಿಗೆ ಕಾಲಿಟ್ಟು ಏರುತ್ತದೆ. ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಕಚ್ಚಿರುತ್ತದೆ. ಜಾರುವುದು ಎಲ್ಲಿಂದ ಮಾರಾಯ್ತಿ? ಮಂಜಯ್ಯನನ್ನು ಹೆತ್ತದ್ದು ನಾನೇ, ಆದರೂ ಹೇಳುತ್ತೇನೆ, ಅವನು ರೈಲು ಕಂಡವನೇ ಅಲ್ಲ.

ಚಳಿಗೆ ನನ್ನ ಮಂಡಿ ಹಿಡಿದಿದೆ. ತೆಂಗಿನೆಣ್ಣೆ ಇಲ್ಲಿ ಕಲ್ಲಾಗುತ್ತದೆ, ಎಳ್ಳೆಣ್ಣೆ ತಾ.

ಇಳಿಯುವಾಗ ಜಾರಿದರೆ ಎಂತ ಮಾಡುದು ಅಂತ ಕೇಳುತ್ತೀ, ಗೊತ್ತು. ಅಪ್ಪಯ್ಯನ ಜೊತೆ ಬರುವ ದಿನ ಬರೆಸು. ಆ ದಿನ ಅದೇ ರೈಲಿನಲ್ಲಿ ಇಳಿದು ಬಂದು ನಾನು ಮೆಟ್ಟುಪಾಳ್ಯ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ. ನಾನು ಕಂಡರೆ ಹತ್ತು. ಕಾಣದಿದ್ದರೆ ಮಂಜಯ್ಯ ಹೇಳಿದ್ದೇ ಸರಿ, ಕೂಸನ್ನೆತ್ತಿಕೊಂಡು ಮನೆಗೆ ಹೋಗು.

ಅಮ್ಮಣ್ಣಿ ಅಜ್ಜಿ