ಪಾಲಯ್ಯನ ಕುರಿರೊಪ್ಪಕ್ಕೆ ಜಲಪಾತದ ಬಾಣ ಬರೆಸಿದ ಸಾಹೇಬರಿಗೆ

ಚಾರಣದಾರಿಯ ಉಸ್ತುವಾರಿ ಹೊತ್ತ ಮಾನ್ಯ ಸಾಹೇಬರೇ,

ನೀವು ಬಂಡೆ ಬಂಡೆಗೂ ಹಳದಿ ಬಾಣ ಬರೆಸಿದ ದಾರಿ ಜಾರುಬಂಡೆ ಜಲಪಾತಕ್ಕೆ ಹೋಗುವುದಿಲ್ಲ. ನಮ್ಮೂರಿನ ಪಾಲಯ್ಯನ ಕುರಿರೊಪ್ಪಕ್ಕೆ, ಅಂದರೆ ಕುರಿ ಕೂಡುವ ದೊಡ್ಡಿಗೆ, ಹೋಗುತ್ತದೆ. ಜಲಪಾತಕ್ಕೆ ನಿಜವಾಗಿ ಹೋಗುವ ದಾರಿಗೆ ನೀವು ಸರಪಳಿ ಬಿಗಿದು ‘ಅನಧಿಕೃತ ಮಾರ್ಗ, ಪ್ರವೇಶ ನಿಷೇಧ’ ಅಂತ ಬೋರ್ಡು ನಿಲ್ಲಿಸಿದ್ದೀರಿ. ನನ್ನ ಅಜ್ಜಿ ಬರಗೇರಮ್ಮ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕುರಿಗಳನ್ನು ನೀರಿಗೆ ಇಳಿಸುತ್ತಿದ್ದುದು ಅದೇ ದಾರಿಯಲ್ಲಿ. ಈಗ ಅವು ಅದಿರಿನ ಲಾರಿ ಓಡಾಡುವ ರಸ್ತೆ ದಾಟಿ ನೀರು ಕುಡಿಯಬೇಕು. ವಿಷಯ ಇಷ್ಟೇ. ಇಲ್ಲಿಗೇ ಸಹಿ ಹಾಕಿ ಮುಗಿಸಬಹುದಿತ್ತು. ಆದರೆ ನಿಮ್ಮ ಕಚೇರಿಯಲ್ಲಿ ಚಿಕ್ಕ ಅರ್ಜಿಯನ್ನು ಯಾರೂ ಓದುವುದಿಲ್ಲವಂತೆ. ಅದಕ್ಕೆ ಉದ್ದ ಬರೆಯುತ್ತಿದ್ದೇನೆ, ಅದೂ ಊರಿಗೆಲ್ಲ ಕಾಣುವ ಹಾಗೆ.

ನಮ್ಮ ಗುಡ್ಡ ಇರುವುದು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಕಡೆ. ಮಳೆ ಜೋರಾದರೆ ಜಾರುಬಂಡೆ ಮೇಲಿಂದ ನೀರು ಬೀಳುತ್ತದೆ. ಮಳೆ ನಿಂತರೆ ಬರೀ ಬಂಡೆ. ಆದರೆ ಕೆಳಗಿನ ದೊಣೆಯಲ್ಲಿ, ಅಂದರೆ ಬಂಡೆ ನಡುವಿನ ಹೊಂಡದಲ್ಲಿ, ಬೇಸಗೆವರೆಗೂ ನೀರು ನಿಲ್ಲುತ್ತದೆ. ಯಾರೋ ವಿಡಿಯೊ ಹಾಕಿದರು, ಜನ ಬಂದರು, ಜನ ಬಂದ ಮೇಲೆ ನೀವು ಬಂದಿರಿ. ಬಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನೀರು ಬೀಳುವುದನ್ನು ನೋಡಲು ನಮ್ಮ ಜಿಲ್ಲೆಯವರು ಘಟ್ಟಕ್ಕೇ ಯಾಕೆ ಹೋಗಬೇಕು? ಇಲ್ಲೇ ನೋಡಲಿ. ಆದರೆ ನೋಡಲಿಕ್ಕೆ ಜಲಪಾತ ಸಿಗಬೇಕಲ್ಲ ಸ್ವಾಮಿ?

ಆ ಬಾಣ ಹೇಗೆ ಹುಟ್ಟಿತು ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಕುರಿ ಕಾಯುವ ನಮ್ಮ ಜನ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಟ್ಟು ನಡುವೆ ಹಸಿ ಸೊಪ್ಪು ಸಿಕ್ಕಿಸುತ್ತೇವೆ. ಹಿಂದೆ ಬರುವ ಮಂದೆಯವನಿಗೆ ಅದರ ಅರ್ಥ: ಈ ಕಡೆ ಬರಬೇಡ, ಇಲ್ಲಿ ನಿನಗೇನೂ ಇಲ್ಲ. ನನ್ನ ಅಜ್ಜಿಗೂ ಪಾಲಯ್ಯನಿಗೂ ಹುಲ್ಲಿನ ವಿಷಯಕ್ಕೆ ನಾನು ಹುಟ್ಟುವ ಮುಂಚಿನಿಂದ ಜಗಳ. ಅವನು ಬರಬಾರದು ಅಂತ ಇವಳು ಕಲ್ಲಿಡುವುದು, ಇವಳು ಬರಬಾರದು ಅಂತ ಅವನು ಕಲ್ಲಿಡುವುದು. ಹುಲ್ಲೇ ಇಲ್ಲದ ಕಡೆಯೂ ಬರೀ ಹೊಟ್ಟೆಕಿಚ್ಚಿಗೆ ಇಟ್ಟಿದ್ದಾರೆ. ಗುಡ್ಡದ ತುಂಬ ಇವರಿಬ್ಬರ ಜಗಳ ಕಲ್ಲಾಗಿ ನಿಂತಿದೆ.

ನಿಮ್ಮ ಕಡೆಯ ಇಬ್ಬರು ಬಣ್ಣದ ಡಬ್ಬಿ ಹಿಡಿದು ಬಂದರು. ಸಾಲು ಸಾಲು ಕಲ್ಲು ಕಂಡರು. ಹಿರಿಯರು ಹಾಕಿಕೊಟ್ಟ ದಾರಿ ಅಂತ ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿ ಒಂದೊಂದು ಕಲ್ಲುಗುಡ್ಡೆಯ ಪಕ್ಕದಲ್ಲೂ ಬಾಣ ಬರೆದರು. ಅಜ್ಜಿ ಅಲ್ಲೇ ಕುಂತು ನೋಡುತ್ತಿದ್ದಳು. ಯಾಕೆ ತಡೆಯಲಿಲ್ಲ ಅಂತ ಸಂಜೆ ಕೇಳಿದೆ.

“ಯಾಕಲೇ ತಡೀಲಿ? ನನ್ನ ಕಲ್ಲಿಗೆ ಸರ್ಕಾರದೋರೇ ಬಣ್ಣ ಹೊಡ್ದು ಗಟ್ಟಿ ಮಾಡವ್ರೆ. ಇನ್ನು ಆ ಪಾಲಯ್ಯ ಹೆಂಗ್ ಬತ್ತಾನೋ ನೋಡ್ತೀನಿ.”

ಅತ್ತ ಪಾಲಯ್ಯನೂ ಮೀಸೆ ತಿರುವುತ್ತಿದ್ದ. ತನ್ನ ಕಲ್ಲಿಗೂ ಬಣ್ಣ ಬಿದ್ದಿತ್ತಲ್ಲ. ಒಂದೇ ಡಬ್ಬಿಯಲ್ಲಿ ಇಬ್ಬರನ್ನೂ ಗೆಲ್ಲಿಸಿದ ಇಲಾಖೆ ನಿಮ್ಮದು. ಇಂಥ ನ್ಯಾಯ ಚಿತ್ರದುರ್ಗದ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ಪರಿಣಾಮ ಏನು? ಬಾಣ ಹಿಡಿದು ಹೊರಟವರು ಅಜ್ಜಿಯ ಸಿಟ್ಟಿನ ಹಿಂದೆ ಎಡಕ್ಕೆ, ಪಾಲಯ್ಯನ ಸಿಟ್ಟಿನ ಹಿಂದೆ ಬಲಕ್ಕೆ ತಿರುಗಿ, ಜಾಲಿಮುಳ್ಳಲ್ಲಿ ಪ್ಯಾಂಟು ಹರಿದುಕೊಂಡು, ಕಡೆಗೆ ಪಾಲಯ್ಯನ ರೊಪ್ಪದ ಬೇಲಿಗೆ ಬಂದು ಮುಟ್ಟುತ್ತಾರೆ. ಮಳೆಗಾಲದ ಒಂದು ಭಾನುವಾರ ಭೀಮಸಮುದ್ರದ ಅಡಿಕೆ ವ್ಯಾಪಾರಿ ಪರಮೇಶ್ವರಪ್ಪನವರು ಹೆಂಡತಿ ಮಹಾದೇವಮ್ಮನವರ ಜೊತೆ ಬಂದಿದ್ದರು. ನಾನು ಬೇಲಿಯಾಚೆ ನಮ್ಮ ಮರಿಗೆ ಸೊಪ್ಪು ಕೊಯ್ಯುತ್ತಿದ್ದೆ.

“ಜಲಪಾತ ಎಲ್ಲೈತಪ್ಪ ಯಜಮಾನ?” ಅಂದರು ಪರಮೇಶ್ವರಪ್ಪ, ಏದುಸಿರು ಬಿಡುತ್ತ.

ಪಾಲಯ್ಯ ಹಿಕ್ಕೆ ಗುಡಿಸುತ್ತಿದ್ದವನು ತಲೆಯೆತ್ತಿದ. “ಬಾಣ ಏನಂತೈತೆ?”

“ಇಲ್ಲೇ ಅಂತೈತೆ.”

“ಹಂಗಾದ್ರೆ ಇದೇ ಇರ್ಬೇಕು ಬುಡ್ರಿ. ಕುಂತ್ಕಳ್ರಿ, ಮಜ್ಜಿಗೆ ಕೊಡ್ತೀನಿ.”

ಮಹಾದೇವಮ್ಮನವರು ಸುತ್ತ ನೋಡಿ, ಗಂಡನ ಕಡೆ ತಿರುಗಿ, “ಕುರಿ ನೋಡಕ್ಕೆ ಇಷ್ಟು ದೂರ ಕರ್ಕಂಬಂದ್ರಾ? ಕುರಿ ನಮ್ಮೂರಾಗೂ ಅವೆ” ಅಂದರು. ಪಾಪ, ಆ ಮನುಷ್ಯ ಮಜ್ಜಿಗೆಯನ್ನು ತಲೆ ತಗ್ಗಿಸಿಕೊಂಡೇ ಕುಡಿದರು.

ಇಲ್ಲಿವರೆಗೆ ನಗಬಹುದು, ನಾವೂ ನಕ್ಕಿದ್ದೇವೆ. ಮಳೆ ಇರುವಷ್ಟು ದಿನ ಹಳ್ಳ ಗುಂಡಿಯಲ್ಲೆಲ್ಲ ನೀರಿತ್ತು, ನಿಮ್ಮ ಸರಪಳಿ ನಮ್ಮನ್ನು ಬಾಧಿಸಲಿಲ್ಲ. ಈಗ ಹಳ್ಳ ಒಣಗಿದೆ. ದೊಣೆಯಲ್ಲಿ ನೀರು ತುಂಬಿದೆ, ಆದರೆ ಅಲ್ಲಿಗಿಳಿಯುವ ಒಂದೇ ಸಂದಿಗೆ ನೀವು ಸರಪಳಿ ಹಾಕಿದ್ದೀರಿ. ಕುರಿ ಬಗ್ಗಿ ನುಸುಳಿದರೆ ನಿಮ್ಮ ಕಾವಲಿನವನು ಕೇಸ್ ಅನ್ನುತ್ತಾನೆ. ಹಾಗಾಗಿ ರಸ್ತೆಯಾಚೆಯ ತೊಟ್ಟಿಗೆ ಹೊಡೆದುಕೊಂಡು ಹೋಗುತ್ತೇವೆ. ಹೋದ ವಾರ ದಾಟಿಸುವಾಗ ಲಾರಿ ಬಂತು. ಅಜ್ಜಿ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ ಮರಿ, ಅವಳ ಸೆರಗು ಬಿಟ್ಟು ಇರುತ್ತಿರಲಿಲ್ಲ, ಅವತ್ತು ಒಂದು ಗಳಿಗೆ ಹಿಂದೆ ಉಳಿಯಿತು. ಲಾರಿ ನಿಲ್ಲಲೂ ಇಲ್ಲ.

ಆ ಸಂಜೆ ಪಾಲಯ್ಯ ನಮ್ಮ ಮನೆಗೆ ಬಂದ. ನನಗೆ ಬುದ್ಧಿ ಬಂದಾಗಿನಿಂದ ಅವನು ನಮ್ಮ ಹೊಸ್ತಿಲು ತುಳಿದಿರಲಿಲ್ಲ. “ಬರಗೇರಕ್ಕ, ನಾಳಿಂದ ಎರಡೂ ಮಂದೆ ಕೂಡಿಸಿ ದಾಟ್ಸಾಣ. ನಾನು ಆ ಕಡೆ ನಿಂತ್ಕತೀನಿ, ನೀನು ಈ ಕಡೆ” ಅಂದ. ಅಜ್ಜಿ ಎಲೆಅಡಿಕೆ ತಟ್ಟೆಯನ್ನು ಅವನ ಕಡೆ ಸರಿಸಿದಳು. ಅಜ್ಜಿ ಪಾಲಯ್ಯನಿಗೆ ಬೈಯಲಿಲ್ಲ ಅಂದಾಗ ನನಗೆ ನಿಜವಾಗಿ ಭಯವಾಯಿತು.

ಅಜ್ಜಿಯನ್ನು ಕರೆದುಕೊಂಡು ದುರ್ಗದ ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಮೇಜಿನ ಹಿಂದಿನವರು ನನ್ನ ಮಾತು ಅರ್ಧ ಕೇಳಿ, “ಎಷ್ಟು ಓದಿದ್ದೀಯ?” ಅಂದರು.

“ಒಂಬತ್ತಕ್ಕೆ ಬಿಟ್ಟೆ ಸಾರ್.”

“ಬೋರ್ಡ್ ಓದಕ್ಕೆ ಬರುತ್ತೆ ತಾನೇ? ನಿಷೇಧ ಅಂದ್ರೆ ನಿಷೇಧ.”

ಬರುತ್ತೆ ಸಾರ್. ಓದಲು ಬರುವುದಕ್ಕೇ ಇಷ್ಟು ಸಿಟ್ಟು. ಅವತ್ತು ನಿಮ್ಮ ಗೋಡೆಯನ್ನೂ ಓದಿದೆ. ಅಲ್ಲಿ ನಿಮ್ಮ ದೊಡ್ಡ ಫೋಟೊ ಇದೆ. ಪ್ಯಾಂಟು ಮೊಣಕಾಲಿಗೆ ಮಡಚಿ ದೊಣೆಯಲ್ಲಿ ನಿಂತಿದ್ದೀರಿ, ಹಿಂದೆ ಜಾರುಬಂಡೆ ಧುಮ್ಮಿಕ್ಕುತ್ತಿದೆ. ಕೆಳಗೆ ‘ನೂತನ ಚಾರಣಪಥದ ಉದ್ಘಾಟನೆ’ ಅಂತ ಬರೆದಿದೆ. ಯಾವ ಪಥ ಸಾಹೇಬರೇ? ಉದ್ಘಾಟನೆಯ ದಿನ ಬಾಣ ನಂಬಿ ಹೋದ ನಿಮ್ಮ ಅತಿಥಿಗಳೆಲ್ಲ ಪಾಲಯ್ಯನ ಮಜ್ಜಿಗೆ ಕುಡಿದರು. ನೀವು ಎರಡನೇ ತಿರುವಿನಲ್ಲೇ ಸುಸ್ತಾಗಿ ಕುಂತಿರಿ. ನಿಮ್ಮ ಜೀಪಿನ ಡ್ರೈವರ್ ಅಜ್ಜಿ ಹತ್ತಿರ ಓಡಿ ಬಂದು, “ಅಜ್ಜಿ, ಸಾಹೇಬ್ರಿಗೆ ನೀರು ಬೀಳೋದು ತೋರ್ಸು, ಸರಪಳಿ ಎತ್ತು, ಅವರೇ ಹೇಳವ್ರೆ” ಅಂದ. ನಿಮ್ಮ ಸೊಂಟ ಬಗ್ಗಬಾರದು ಅಂತ ಅಜ್ಜಿ ಸರಪಳಿಯನ್ನು ತನ್ನ ತಲೆಗಿಂತ ಮೇಲೆತ್ತಿ ಹಿಡಿದಳು. ಅವಳ ಹಿಂದೆ ಎಂದಿನಂತೆ ಕುರಿಗಳೂ ಇಳಿದವು. ಬೇಕಾದರೆ ಫೋಟೊ ಇನ್ನೊಮ್ಮೆ ನೋಡಿ. ನಿಮ್ಮ ಎಡಗೈ ಪಕ್ಕದಲ್ಲಿ ನೀರು ಕುಡಿಯುತ್ತಿರುವ ಮುರುಕುಕಿವಿಯ ಕುರಿ ನಮ್ಮದು. ಸರಪಳಿ ಬಿದ್ದ ಮೇಲೆ ನಮ್ಮ ಮಂದೆ ಅಲ್ಲಿ ನೀರು ಕುಡಿದದ್ದು ಅದೊಂದೇ ದಿನ, ಅದೂ ನಿಮ್ಮ ದಯೆಯಿಂದ.

ಆದ್ದರಿಂದ ನನ್ನ ಬೇಡಿಕೆ ಸರಳ. ಆ ಸರಪಳಿ ಬಿಚ್ಚಿಸಿ. ಕುರಿಯೂ ಇಳಿಯಲಿ, ಜನವೂ ಇಳಿಯಲಿ. ಎರಡಕ್ಕೂ ಅದೇ ದಾರಿ. ಆಗುವುದಿಲ್ಲ ಅಂದರೆ ನಿಷೇಧಿತ ಜಾಗಕ್ಕೆ ನುಗ್ಗಿದ್ದಕ್ಕೆ ಮೊದಲ ಕೇಸು ನಿಮ್ಮ ಮೇಲೇ ಹಾಕಿಕೊಳ್ಳಿ. ಸಾಕ್ಷಿ ನಿಮ್ಮ ಗೋಡೆಯಲ್ಲೇ ಇದೆ, ಕಟ್ಟು ಹಾಕಿಸಿ ಮೊಳೆ ಹೊಡೆದವರೂ ನೀವೇ. ಬಾಣಗಳನ್ನು ಅಳಿಸುವುದೂ ಬಿಡುವುದೂ ನಿಮ್ಮಿಷ್ಟ. ಪಾಲಯ್ಯನಿಗೆ ಈಗ ಬರುವವರ ಜೊತೆ ಮಾತಾಡಿ ರೂಢಿಯಾಗಿದೆ.

ಕೊನೆಗೊಂದು ಮಾತು. ಅವತ್ತು ನಿಮ್ಮ ಕಚೇರಿಯಿಂದ ಹೊರಗೆ ಬಂದ ಮೇಲೆ ಅಜ್ಜಿ ಗೇಟಿನ ಹತ್ತಿರ ಸ್ವಲ್ಪ ಹೊತ್ತು ಹಿಂದೆ ಉಳಿದಳು. ತಿರುಗಿ ನೋಡಿದರೆ ಕಾಂಪೌಂಡಿನ ಬುಡದಲ್ಲಿ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟು, ನಿಮ್ಮದೇ ಕ್ರೋಟನ್ ಗಿಡದಿಂದ ಸೊಪ್ಪು ಮುರಿದು ನಡುವೆ ಸಿಕ್ಕಿಸುತ್ತಿದ್ದಳು. ಹಿಂದೆ ಬರುವ ನಮ್ಮಂಥವರಿಗೆ ಗೊತ್ತಾಗಲಿ ಅಂತ. ಅದರ ಅರ್ಥ ಏನು ಅಂತ ಮೇಲೆ ಬರೆದಿದ್ದೇನೆ. ಸರಪಳಿ ಬಿಚ್ಚಿಸಿದ ದಿನ ಅವಳೇ ಬಂದು ತೆಗೆಯುತ್ತಾಳೆ.

ಅಲ್ಲಿವರೆಗೆ ದಯವಿಟ್ಟು ಅದಕ್ಕೆ ಬಣ್ಣ ಹೊಡೆಸಬೇಡಿ.

ಇಂತಿ,
ಬೋರ್ಡು ಓದುವಷ್ಟು ಮಾತ್ರ ಓದಿ ಕೆಟ್ಟವನು,
ಬರಗೇರಮ್ಮನ ಮೊಮ್ಮಗ ಹನುಮೇಶ