ಈಶಾನ್ಯದ ಬಾವಿ

ವಿಜಯನಗರ, ಬೆಂಗಳೂರು-40
21 ಆಗಸ್ಟ್ 1976

ಅಪ್ಪನವರ ಪಾದಗಳಿಗೆ ಪದ್ಮನಾಭನ ನಮಸ್ಕಾರಗಳು.

‘ಲಂಘನಂ ಪರಮೌಷಧಂ’ ಎಂದ ಮೇಲೆ ನೀವು ಇನ್ನೂ ಏನೋ ಹೇಳಿದ್ದಿರಿ, ಅದು ನೆನಪಿಗೆ ಬರುತ್ತಿಲ್ಲ. ಜ್ವರಕ್ಕೆ ಮಾತ್ರ ಎಂದಿರಬಹುದು, ಅಥವಾ ಒಂದು ಹೊತ್ತಿಗೆ ಮಾತ್ರ ಎಂದು. ಆ ಉಳಿದರ್ಧ ಸಿಕ್ಕಿದ್ದರೆ ಈ ವಾರ ಉಪಯೋಗಕ್ಕೆ ಬರುತ್ತಿತ್ತು. ಅಮ್ಮನಿಗೂ ಮೊದಲರ್ಧವೇ ನೆನಪಿರುವುದು. ನಿಮ್ಮ ಆರೋಗ್ಯ ಹೇಗಿದೆ, ದಾವಣಗೆರೆಯ ಹವೆ ಒಗ್ಗಿತೇ, ಜಲಜಾ ಮತ್ತು ಕೂಸು ಹೇಗಿದ್ದಾರೆ ಎಂದು ಮೊದಲು ಕೇಳಬೇಕಿತ್ತು, ಕೇಳಿದ್ದೇನೆಂದು ತಿಳಿಯಿರಿ. ಬಾಣಂತನ ಮುಗಿಸಿದ ಮಗಳನ್ನು ಗಂಡನ ಮನೆಗೆ ಬಿಟ್ಟುಬರಲು ಹೋದವರು, ತಲುಪಿದೆ ಎಂದು ಒಂದು ಕಾರ್ಡು ಸಹ ಹಾಕಲಿಲ್ಲ. ಗಾಬರಿಯಾಗಬೇಡಿ. ಅಮ್ಮ ಈಗ ದಿಂಬಿಗೆ ಒರಗಿ ಕೂತಿದ್ದಾಳೆ. ನಿಮ್ಮ ಸೊಸೆ ಮಾಡಿದ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ದೂರುವಷ್ಟು ಚೇತರಿಸಿಕೊಂಡಿದ್ದಾಳೆ. ಆದರೆ ಮೊನ್ನೆಯವರೆಗೂ ಹೀಗಿರಲಿಲ್ಲ.

ನೀವು ರೈಲು ಹತ್ತಿದ ಮಾರನೆಯ ಬೆಳಿಗ್ಗೆ ಅಮ್ಮನಿಗೆ ಭೇದಿ ಶುರುವಾಯಿತು. ‘ಬೀಳ್ಕೊಡೋ ದಿನ ಹೋಳಿಗೆ ಜಾಸ್ತಿ ತಿಂದೆ ಕಣೋ ಪದ್ದೂ, ಹೊಟ್ಟೆ ಕೆಟ್ಟಿದೆ, ಅಷ್ಟೆ’ ಎಂದಳು. ನಂಬಿದೆ, ನಂಬುವುದು ಸುಲಭವಾಗಿತ್ತು. ಔಷಧಿ ಅಂಗಡಿಯವನು ‘ಒಂದೇ ಮಾತ್ರೆ ಸಾರ್, ಟಕ್ ಅಂತ ನಿಲ್ಲುತ್ತೆ’ ಎಂದ. ಟಕ್ಕೆಂದೇ ನಿಂತಿತು. ಸಂಜೆಗೆ ಜ್ವರ ಏರಿತು, ಹೊಟ್ಟೆ ಉಬ್ಬಿ ಹಿಂಡತೊಡಗಿತು, ಮಾರನೆಯ ದಿನ ಮತ್ತೆ ಮೊದಲಾಯಿತು. ಅಷ್ಟರಲ್ಲಿ ಅಮ್ಮ ನಿಮ್ಮ ಉಪವಾಸದ ಶ್ಲೋಕ ಹಿಡಿದು ಅನ್ನದ ಜೊತೆಗೆ ನೀರನ್ನೂ ಬಿಟ್ಟಿದ್ದಳು. ‘ಕುಡಿದದ್ದೆಲ್ಲ ಹಂಗೇ ಹೋಗುತ್ತೆ, ಯಾಕೆ ಕುಡೀಲಿ?’ ಎಂಬುದು ಅವಳ ತರ್ಕ. ಒಪ್ಪಿಬಿಟ್ಟೆ. ಆಫೀಸಿನಲ್ಲಿ ದಿನವೂ ಇಂಥ ತರ್ಕಗಳ ಮೇಲೆ ಸಹಿ ಹಾಕುವವನು ನಾನು. ಪ್ರಭಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಅತ್ತೆ ನೋವಿಗೆ ಅಳ್ತಾ ಇದಾರೆ, ಕಣ್ಣಲ್ಲಿ ನೀರೇ ಬರ್ತಿಲ್ಲ ಕಣ್ರೀ’ ಎಂದಾಗ ಎದ್ದು ಡಾಕ್ಟರ್ ಗುರುಬಸಪ್ಪನವರನ್ನು ಕರೆತಂದೆ.

ಅವರು ಬಂದವರೇ ಅಮ್ಮನ ಮುಂಗೈ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟರು. ಎತ್ತಿದ ಚರ್ಮ ಹಾಗೆಯೇ ನಿಂತಿತ್ತು, ಮಡಿಸಿಟ್ಟ ಬಟ್ಟೆಯಂತೆ. ನಾಲಗೆ ನೋಡಿದರು. ‘ರಕ್ತ ಕಾಣುತ್ತೇನಮ್ಮಾ? ಲೋಳೆ?’ ಎಂದರು. ಅಮ್ಮ ನನ್ನತ್ತ ಒಮ್ಮೆ ನೋಡಿ ಗೋಡೆಗೆ ಮುಖ ಮಾಡಿದಳು. ಅರ್ಥವಾಗಿ ಹೊರಗೆ ಬಂದು ಜಗಲಿಯ ಮೇಲೆ ನಿಂತೆ. ಸ್ವಂತ ತಾಯಿಯ ದೇಹದ ಬಗ್ಗೆ ತಿಳಿಯಬೇಕಾದ್ದನ್ನು ತಿಳಿಯದೆ ಇರುವುದನ್ನೇ ನಾವು ಮರ್ಯಾದೆ ಎಂದು ಕರೆದುಕೊಂಡು ಬಂದಿದ್ದೇವೆ. ರಕ್ತ ಮೊದಲ ದಿನದಿಂದಲೂ ಇತ್ತಂತೆ. ‘ಅದನ್ನೆಲ್ಲ ಗಂಡಸರ ಹತ್ರ ಹೇಳ್ಕೋತಾರೇನೇ?’ ಎಂದು ಅವಳು ಪ್ರಭಾಳನ್ನು ಗದರಿದ್ದು ಒಳಗಿನಿಂದ ಕೇಳಿಸಿತು; ದನಿ ಇಷ್ಟಾದರೂ ಇದೆಯಲ್ಲ ಎಂದುಕೊಂಡೆ.

ಡಾಕ್ಟರಿಗೆ ನನ್ನ ಮಾತ್ರೆಯ ಚೀಟಿ ತೋರಿಸಿದೆ. ‘ಏನ್ರೀ ಪದ್ಮನಾಭ, ಕಳ್ಳ ಒಳಗಿರೋವಾಗ ಬಾಗಿಲಿಗೆ ಚಿಲಕ ಹಾಕಿದೀರಲ್ರೀ!’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬರೀ ನೀರುಭೇದಿಯಾದರೆ ಹೆಚ್ಚಿನ ಸಲ ಔಷಧಿಯೇ ಬೇಕಾಗುವುದಿಲ್ಲ, ಹೋದ ನೀರನ್ನು ತುಂಬಿಕೊಟ್ಟರೆ ತಾನೇ ವಾಸಿಯಾಗುತ್ತದೆ; ರಕ್ತ, ಲೋಳೆ, ಜ್ವರ, ಹಿಂಡುವ ನೋವು ಒಟ್ಟಿಗೆ ಬಂದರೆ ರೋಗಾಣು ಕರುಳಿಗೇ ಕೈಹಾಕಿದೆ ಎಂದು ಅನುಮಾನಿಸಬೇಕು; ಆಗ ಭೇದಿ ಕಟ್ಟುವ ಮಾತ್ರೆ ಕೊಡಲೇಬಾರದು, ಎಂದು ಹೇಳಿದರು. ಕ್ಯಾಪ್ಸೂಲ್ ಬರೆದುಕೊಟ್ಟು, ಭೇದಿ ನಿಂತರೂ ಅದನ್ನು ನಡುವೆ ಬಿಡಕೂಡದು ಎಂದರು. ಎಲ್ಲಕ್ಕಿಂತ ಮೊದಲು ನೀರು: ಕುದಿಸಿ ಆರಿಸಿದ್ದು, ಸಕ್ಕರೆ ಮತ್ತು ಚಿಟಿಕೆ ಉಪ್ಪು ಹಾಕಿ, ಗುಟುಕು ಗುಟುಕಾಗಿ. ‘ಕೊಡೋ ಮುಂಚೆ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿರಬಾರದು’ ಎಂದರು. ಅಳತೆಗೆ ಬೇಕಾದ ಕಣ್ಣೀರು ಆ ಹೊತ್ತಿಗೆ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಪ್ರಭಾ ನಾಲಗೆಗೆ ಹಚ್ಚಿಕೊಂಡು ಅಂದಾಜಿನಲ್ಲಿ ಸರಿ ಎಂದಳು.

ಪರೀಕ್ಷೆಗೆ ಮಲ ಬೇಕೆಂದಾಗ ಅಮ್ಮ ‘ನನ್ನ ಮಾನ ಸೀಸೇಲಿ ತುಂಬಿ ಊರೆಲ್ಲ ಮೆರೆಸ್ತೀರಾ’ ಎಂದು ಅತ್ತಳು. ಒಣಗಣ್ಣಿನ ಅಳು. ಆ ಸೀಸೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿ ಇಡುವ ಚೀಲದಲ್ಲಿ ಹಾಕಿಕೊಂಡು ಮೆಜೆಸ್ಟಿಕ್ ಬಸ್ಸಿನಲ್ಲಿ ನಿಂತು ಹೋದೆ. ಪಕ್ಕದವರು ‘ಏನ್ ಸಾರ್, ಊಟ ಜೋರಾ?’ ಎಂದರು. ಹೌದೆಂದೆ. ಲ್ಯಾಬಿನವರು ಡಾಕ್ಟರ ಅನುಮಾನವೇ ಸರಿ ಎಂದರು. ಅಷ್ಟು ಹೊತ್ತಿಗೆ ಪ್ರಭಾ ಒಂದೊಂದೇ ಚಮಚ ಕುಡಿಸುತ್ತಾ, ‘ಇದು ನೀರಲ್ಲ ಅತ್ತೆ, ಔಷಧಿ, ಔಷಧಿಗೆ ಲಂಘನ ಇಲ್ಲ’ ಎಂದು ಶಾಸ್ತ್ರವನ್ನೇ ತಿರುಗಿಸಿದ್ದಳು. ಸಂಜೆ ಅಮ್ಮನ ಕಣ್ಣು ತೇವವಾಗಿತ್ತು. ನನ್ನನ್ನು ಕಂಡು ಮುಖ ಸಿಂಡರಿಸಿದಳು.

ಇಷ್ಟಕ್ಕೆ ಈ ಕಾಗದ ಮುಗಿಯಬೇಕಿತ್ತು. ಆದರೆ ಡಾಕ್ಟರು ಹೊರಡುವ ಮುಂಚೆ, ‘ಮಕ್ಕಳಿಗಿಲ್ಲ, ನಿಮಗಿಬ್ಬರಿಗಿಲ್ಲ. ಅವರೊಬ್ಬರೇ ತಿನ್ನೋದು ಕುಡಿಯೋದು ಏನ್ರೀ?’ ಎಂದು ಕೇಳಿದ್ದರು. ಬಾವಿಯ ನೀರು ಎಂದೆ. ನಲ್ಲಿಯಲ್ಲಿ ಕಾವೇರಿ ಬಂದ ದಿನ ನೀವು ಚರ್ಮದ ವಾಷರು ತಾಗಿದ ಮೈಲಿಗೆ ನೀರು ಮುಟ್ಟುವುದಿಲ್ಲ ಎಂದಿರಿ. ಈಗ ಹಾಕುವುದು ರಬ್ಬರು ಎಂದು ನಾನು ನಲ್ಲಿ ಬಿಚ್ಚಿ ತೋರಿಸಿದೆ. ‘ದಾರೀಲಿರೋದನ್ನೆಲ್ಲ ಬಿಚ್ಚಿ ತೋರಿಸ್ತೀಯೇನೋ?’ ಎಂದಿರಿ. ಅಂದಿನಿಂದ ಅದನ್ನು ಕುಡಿಯುವವರು ನಾವು, ಬಾವಿಯದನ್ನು ಕುಡಿಯುವವರು ನೀವು ಮತ್ತು ಅಮ್ಮ. ಡಾಕ್ಟರು ಹಿತ್ತಲಿಗೆ ಹೋಗಿ ಬಾವಿಯನ್ನೂ ಅದರ ಸುತ್ತನ್ನೂ ನೋಡಿದರು. ಶಾಸ್ತ್ರದ ಪ್ರಕಾರ ಬಾವಿ ಈಶಾನ್ಯದಲ್ಲಿದೆ, ಪಾಯಿಖಾನೆಯ ಗುಂಡಿ ವಾಯವ್ಯದಲ್ಲಿದೆ. ಎರಡೂ ದಿಕ್ಕು ಸರಿಯಾಗಿಯೇ ಇವೆ. ಮೂವತ್ತು ನಲವತ್ತರ ಸೈಟಿನಲ್ಲಿ ಎರಡರ ನಡುವೆ ಒಂದು ಕರಿಬೇವಿನ ಗಿಡ ಮಾತ್ರ ಇದೆ. ಕಳೆದ ತಿಂಗಳ ಮಳೆಗೆ ಗುಂಡಿ ತುಂಬಿ ಆ ಗಿಡದ ಬುಡದವರೆಗೆ ಬಂದದ್ದನ್ನು ನಾವೆಲ್ಲ ನೋಡಿದ್ದೆವು. ಗಿಡ ಚೆನ್ನಾಗಿ ಚಿಗುರಿತೆಂದು ನೀವೇ ಮೆಚ್ಚಿದ್ದಿರಿ.

ಈಗ ಬಾವಿಗೆ ಹಲಗೆ ಮುಚ್ಚಿದ್ದೇನೆ. ಅಮ್ಮ ನಿತ್ರಾಣದಲ್ಲೂ ಗೋಡೆ ಹಿಡಿದು ಹೋಗಿ ಅದನ್ನು ಸರಿಸುತ್ತಾಳೆ. ಕುದಿಸದೆ ಮುಟ್ಟಬೇಡ ಎಂದರೆ, ‘ಅವರು ತೆಗೆಸಿದ ಬಾವಿ. ಅವರು ಬಂದು ಹೇಳ್ಲಿ, ಬಿಡ್ತೀನಿ’ ಎನ್ನುತ್ತಾಳೆ. ಮತ್ತೊಮ್ಮೆ ಹೀಗಾದರೆ ಅವಳ ದೇಹ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ವಾದ ಮಾಡಿ ನನಗೆ ಸಾಕಾಗಿದೆ. ನಲ್ಲಿಯ ನೀರು ಶುದ್ಧ ಎಂದು ಒಪ್ಪಬೇಡಿ, ನಾನು ಸರಿ ಎಂದೂ ಬರೆಯಬೇಡಿ. ‘ಸದ್ಯಕ್ಕೆ ಕುದಿಸಿದ ನಲ್ಲಿ ನೀರು ಕುಡಿ’ ಎಂದು ನಿಮ್ಮ ಕೈಯಲ್ಲಿ ಒಂದು ಸಾಲು ಬರೆದರೆ ಸಾಕು. ಮಗನ ಮಾತು ನಡೆಯದ ಮನೆಯಲ್ಲಿ ಗಂಡನ ಅಕ್ಷರವಾದರೂ ನಡೆಯಲಿ.

ಜಲಜಾಳಿಗೂ ಅವಳ ಮನೆಯವರಿಗೂ ನಮ್ಮ ನೆನಪುಗಳು. ಕೂಸಿನ ತಲೆ ನೇವರಿಸಿ, ನನ್ನ ಹೆಸರಿನಲ್ಲಿ.

ಇತಿ, ನಿಮ್ಮ ಮಗ
ಪದ್ಮನಾಭ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದಾಗ ಅಮ್ಮ ಕರೆದಳು. ‘ಜಲಜನ ಮನೇಲಿ ಬರೀ ನಲ್ಲಿ ನೀರು ಕಣೋ. ಕೂಸಿಗೆ ಬಜೆ ತೇಯೋಕೆ ಬೇಕು ಅಂತ ನಿಮ್ಮಪ್ಪ ತಿರುಪಿನ ಕೂಜದ ತುಂಬ ನಮ್ಮ ಬಾವಿ ನೀರು ತಗೊಂಡು ಹೋದ್ರು. ನಾನೇ ಸೇದಿ ತುಂಬಿಸಿದೆ’ ಎಂದಳು. ಹೇಳಿದ ಮೇಲೆ ಅವಳಿಗೇ ಅರ್ಥವಾಗಿ, ಬಾಯಿಗೆ ಸೆರಗು ಹಿಡಿದು ಕೂತಿದ್ದಾಳೆ. ತಂತಿ ಕೊಡಲು ಈಗಲೇ ಹೊರಟಿದ್ದೇನೆ. ‘ಕೂಜದ ನೀರು ಚೆಲ್ಲಿ’ ಎಂಬ ತಂತಿಯನ್ನು ಕಾರಣವಿಲ್ಲದೆ ನೀವು ಪಾಲಿಸುವವರಲ್ಲ. ಕಾರಣ ಈ ಕಾಗದದಲ್ಲಿದೆ. ಕೂಸಿಗೆ ಭೇದಿಯಾಗಿದ್ದರೆ ಎದೆಹಾಲು ನಿಲ್ಲಿಸಬೇಡಿ, ಅಂಗಡಿಯ ಮಾತ್ರೆ ಬೇಡ, ಲಂಘನ ಬೇಡ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮೇಲೆ ‘ಕೇಳಿದ್ದೇನೆಂದು ತಿಳಿಯಿರಿ’ ಎಂದು ಬರೆದದ್ದನ್ನು ಹೊಡೆದುಹಾಕಿ. ಈಗ ಕೇಳುತ್ತಿದ್ದೇನೆ. ಅಪ್ಪಾ, ಆ ಕೂಜದಲ್ಲಿ ಇನ್ನೆಷ್ಟು ನೀರು ಉಳಿದಿದೆ?